ದೊಡ್ಡವ್ವನ ಮನೆಯ ನೀರು

ಬೇಸಿಗೆ ರಜೆಯಲ್ಲಿ ಬಳ್ಳಾರಿ ಬಿಡುವವರು ಎರಡು ಬಗೆ. ತಂಪು ಊರು ಹುಡುಕಿಕೊಂಡು ಹೋಗುವ ಜಾಣರು ಒಂದು ಕಡೆ, ಬಿಸಿಲಿನಿಂದ ಎದ್ದು ಬಿಸಿಲಿಗೇ ಹೋಗಿ ಕೂರುವ ನಮ್ಮಂಥವರು ಇನ್ನೊಂದು ಕಡೆ. ಹೋದ ಬೇಸಿಗೆಯಲ್ಲಿ ಅವ್ವ ಇದ್ದಕ್ಕಿದ್ದಂತೆ, ಕುರುಗೋಡಿಗೆ ಹೋಗಿ ದೊಡ್ಡ ಬಸವಣ್ಣನಿಗೆ ಕಾಯಿ ಒಡೆಸಿಕೊಂಡು, ಹಂಗೇ ಸಿರುಗುಪ್ಪಕ್ಕೂ ಹೋಗಿ ಬರೋಣ ಎಂದಳು. ತಮ್ಮ ಕಾರು ತೆಗೆದ. ನಾನು ಶಾಲೆಯ ಟೀಚರು, ರಜೆ ಇತ್ತು, ಹೊರಟೆ. ಅಪ್ಪನನ್ನು ಯಾರೂ ಕೇಳಲಿಲ್ಲ.

ಕೇಳಿದ್ದರೂ ಉತ್ತರ ಬರುತ್ತಿರಲಿಲ್ಲ. ಲಕ್ವ ಹೊಡೆದು ಅಪ್ಪನ ಬಲಗೈ, ಬಲಗಾಲು, ಮಾತು ಎಲ್ಲ ಹೋಗಿದ್ದವು. ಬುದ್ಧಿ ಮಾತ್ರ ನೆಟ್ಟಗಿದೆ ಎಂದು ಡಾಕ್ಟರ್ ಹೇಳಿದಾಗ ಅವ್ವ, "ಹಂಗಾರ ಅವರಿಗೆ ಎಲ್ಲಾ ತಿಳೀತೈತಿ?" ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಪಾಪ, ಖುಷಿಪಡುತ್ತಿದ್ದಾಳೆ ಎಂದುಕೊಂಡಿದ್ದೆ.

ಸಿರುಗುಪ್ಪದಲ್ಲಿರುವುದು ಅವ್ವನ ಅಕ್ಕ, ನಮ್ಮ ದೊಡ್ಡವ್ವ. ನಾನು ಸಣ್ಣವಳಿದ್ದಾಗ ಅವಳ ಮಗಳ ಮದುವೆಯಾಯಿತು. ಗಂಡಿನ ಕಡೆಯವರ ಬಸ್ಸು ಮುಂಚೆಯೇ ಬಂದುಬಿಟ್ಟಿದ್ದರಿಂದ ಅವರನ್ನು ಮೊದಲ ಪಂಕ್ತಿಗೆ ಕೂರಿಸಿ, ಅಪ್ಪನಿಗೆ "ಸ್ವಲ್ಪ ತಡೀರಿ" ಎಂದರು. ಅಷ್ಟೇ ನಡೆದದ್ದು. ಅಪ್ಪ ಚಪ್ಪರದ ಕೆಳಗೆ ನಿಂತು, ಊರಿಗೆಲ್ಲ ಕೇಳುವಂತೆ, "ಇವತ್ತಿಂದ ಈ ಮನಿ ನೀರು ನಾನೂ ಮುಟ್ಟಂಗಿಲ್ಲ, ನನ್ನ ಹೆಣ್ತಿನೂ ಮುಟ್ಟಂಗಿಲ್ಲ" ಎಂದ. ನಮ್ಮ ಕಡೆ ಬೈದದ್ದನ್ನು ಮರೆಯುತ್ತಾರೆ, ಹೊಡೆದದ್ದನ್ನೂ ಮರೆಯುತ್ತಾರೆ. ಒಂದು ಮನೆಯ ನೀರು ಬಿಟ್ಟರೆ ಮಾತ್ರ ಅದು ಸಾಯುವ ತನಕ.

ಆಮೇಲೆ ಅವ್ವನ ಹೆತ್ತಪ್ಪ ಆ ಮನೆಯಲ್ಲೇ ತೀರಿಕೊಂಡ. ಅವ್ವ ಮಣ್ಣಿಗೆ ಹೋದಳು, ಅತ್ತು ಅತ್ತು ಗಂಟಲು ಒಣಗಿದಾಗ ದೊಡ್ಡವ್ವ ಹಿಡಿದ ಚೊಂಬನ್ನು ದೂಡಿ, ಬಸ್ ಸ್ಟ್ಯಾಂಡಿಗೆ ನಡೆದು ಬಂದು ನಳದ ನೀರು ಕುಡಿದಳು. ಯಾರು ನೋಡುತ್ತಿದ್ದರು, ಒಂದು ಗುಟುಕು ಕುಡಿಯಬಾರದಿತ್ತೇ ಎಂದು ನಾನೊಮ್ಮೆ ರೇಗಿದ್ದೆ. "ಮನಿಗೆ ಬಂದ ಕೂಡ್ಲೇ ಕೇಳ್ತಾರ. ಅವರ ಮುಂದ ಸುಳ್ಳು ಹೇಳಾಕ ನನಗ ಬರಂಗಿಲ್ಲ" ಎಂದಿದ್ದಳು.

ಹೊರಟ ದಿನ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಳ್ಳಾರಿಯ ಸತ್ಯನಾರಾಯಣಪೇಟೆ ದಾಟುವಾಗ ನೋಡಿದರೆ, ನಾನು ತುಂಬಿಟ್ಟಿದ್ದ ನೀರಿನ ಬಾಟಲಿ ಕಾರಿನಲ್ಲಿಲ್ಲ. ಅಂಗಡಿ ಮುಂದೆ ನಿಲ್ಲಿಸು ಎಂದೆ. ಅವ್ವ ಬೇಡವೆಂದಳು. "ನಿಮ್ಮಪ್ಪ ನೀರು ಕುಡಿದ್ರ ದಾರ್ಯಾಗ ಒಂದಕ್ಕ ಬರತೈತಿ. ಇಳಸೋರು ಯಾರು, ನೀ ಇಳಸ್ತೀಯೇನು?" ಆ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ.

ಕುರುಗೋಡಿನಲ್ಲಿ ಮೊದಲು ಅಪ್ಪನ ತಂಗಿಯ ಮನೆ. ಅತ್ತೆ ಸ್ಟೀಲ್ ಲೋಟಗಳಲ್ಲಿ ಮಜ್ಜಿಗೆ ತಂದು, "ಅಣ್ಣಗ ಮೊದ್ಲು ಕೊಡ್ರಿ" ಎಂದಳು. ಅಪ್ಪ ಎಡಗೈ ಚಾಚಿದ. "ಮಜ್ಜಿಗಿ ಬ್ಯಾಡ ಅಂದಾರ ಡಾಕ್ಟರು" ಎಂದು ಅವ್ವ ಲೋಟ ತಾನೇ ತೆಗೆದುಕೊಂಡಳು. ಯಾವ ಡಾಕ್ಟರೂ ಹಾಗೆ ಅಂದಿರಲಿಲ್ಲ. ಅವಳು ತನ್ನ ಮಜ್ಜಿಗೆ ಕುಡಿದಳು, ಆಮೇಲೆ ಅವನ ಎದುರಿಗೇ ಕೂತು ಅವನದನ್ನೂ ಕುಡಿದಳು. ಅಪ್ಪನ ಕಣ್ಣು ಲೋಟದ ಜೊತೆಗೇ ಮೇಲೆ ಹೋಗಿ ಕೆಳಗೆ ಬಂತು.

ದೇವಸ್ಥಾನದಲ್ಲಿ ರಜೆಯ ಜನ ಗಿಜಿಗುಡುತ್ತಿತ್ತು. ಬಸವಣ್ಣನ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುವವರ ನಡುವೆ ನುಗ್ಗಿ ಕಾಯಿ ಒಡೆಸಿದೆವು. ಅಪ್ಪ ಹೊರಗೆ ಬೇವಿನ ಮರದಡಿ ಕಾರಿನಲ್ಲೇ ಇದ್ದ. ಕಾಯಿಯ ನೀರನ್ನು ಹೋಳಿನಲ್ಲಿ ಜೋಪಾನ ಮಾಡಿಕೊಂಡು ತಂದೆ. ಅವ್ವ ನನ್ನ ಕೈಯಿಂದ ಹೋಳು ಕಿತ್ತುಕೊಂಡು ಬೇವಿನ ಬುಡಕ್ಕೆ ಚೆಲ್ಲಿದಳು.

"ಏನ್ ಮಾಡಾಕತ್ತಿ ಯವ್ವಾ?" ಎಂದು ಕಿರುಚಿದೆ.

"ಸಿರುಗುಪ್ಪದಾಗ ಕುಡೀತಾರ. ನಮ್ಮಕ್ಕನ ಕೈಲೆ. ಅಲ್ಲಿಗಂಟ ಇಲ್ಲ."

"ಈ ಬಿಸಿಲಾಗ ಸತ್ತುಗಿತ್ತಾರು!"

"ಯಾರೂ ಸಾಯಂಗಿಲ್ಲ. ನಮ್ಮಪ್ಪನ ಮಣ್ಣಿನ ದಿನ ನಾ ಸತ್ನೇನು?"

ಕಾರಿನ ಬಾಗಿಲು ತೆರೆದೇ ಇತ್ತು. ಅಪ್ಪ ಎಲ್ಲ ಕೇಳಿಸಿಕೊಂಡ. ಅವನಿಗೆ ಕೇಳಿಸಲೆಂದೇ ಅವಳು ಹೇಳಿದ್ದು. ನನಗೆ ಸಿಟ್ಟು ನೆತ್ತಿಗೇರಿತು. ಎದುರಿನ ಅಂಗಡಿಗೆ ಓಡಿ ತಣ್ಣಗಿನ ಬಾಟಲಿ ತಂದು, ಮುಚ್ಚಳ ತಿರುವಿ ಅಪ್ಪನ ತುಟಿಗೆ ಹಿಡಿದೆ. ಅಪ್ಪ ಅವ್ವನನ್ನೇ ನೋಡುತ್ತ ಬಾಯಿ ಬಿಗಿದುಕೊಂಡ. ಮತ್ತೆ ಹಿಡಿದೆ, ಮುಖ ತಿರುಗಿಸಿದ. ಹಗ್ಗ ಸುಟ್ಟರೂ ಹುರಿ ಬಿಡಲಿಲ್ಲ. ಇಬ್ಬರೂ ಹಾಳಾಗಿ ಹೋಗಿ ಎಂದು ಆ ನೀರನ್ನು ನಾನೇ ಕುಡಿದೆ.

ಸಿರುಗುಪ್ಪದ ದಾರಿಯಲ್ಲಿ ರಸ್ತೆಯ ಅಂಚಿಗೆ ಭತ್ತ ಒಣಹಾಕಿದ್ದರು, ಕಾರು ಅದರ ಪಕ್ಕದಲ್ಲೇ ಸಾಗಿತು. ನೀನಾದರೂ ಹೇಳೋ ಎಂದು ತಮ್ಮನನ್ನು ತಿವಿದೆ. "ನನ್ನ ನಡುವ ಎಳೀಬ್ಯಾಡ್ರಿ, ನಾ ಬರೇ ಡ್ರೈವರ್ ಅದೀನಿ" ಎಂದು ಅವನು ಎಸಿ ಜೋರು ಮಾಡಿದ. ಹಿಂದೆ ಅಪ್ಪನ ನಾಲಗೆ ಆಗಾಗ ಹೊರಬಂದು ತುಟಿ ಸವರಿ ಒಳಗೆ ಹೋಗುತ್ತಿತ್ತು. ಅವ್ವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಇವಳ ಹೊಟ್ಟೆಯಲ್ಲಿ ನಾನು ಹುಟ್ಟಿದೆನೇ ಎಂದು ನನಗೆ ಹೆದರಿಕೆಯಾಯಿತು.

ದೊಡ್ಡವ್ವ ಬಾಗಿಲಿಗೆ ಬಂದವಳು ಅಪ್ಪನನ್ನು ಕಂಡು ಅಲ್ಲೇ ನಿಂತುಬಿಟ್ಟಳು. ತಮ್ಮ, ನಾನು ಅಪ್ಪನನ್ನು ಎತ್ತಿ ತಂದು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿದೆವು. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿದರು. ಅವ್ವ ಅವರನ್ನೂ ಒಳಗೆ ಕರೆದಳು.

"ನೀರು ತಾ ಅಕ್ಕಾ."

ದೊಡ್ಡವ್ವ ಲೋಟ ತುಂಬಿ ತಂದವಳು ದೂರದಲ್ಲೇ ನಿಂತಳು. "ಬ್ಯಾಡ ಬಿಡವ್ವ ತಂಗಿ. ಈ ಸ್ಥಿತ್ಯಾಗ ಅವರಿಗೆ ಒತ್ತಾಯ ಮಾಡಬ್ಯಾಡ."

"ನೀ ಹಿಡಿ ಅಂತೀನಿ."

ಸ್ಟೀಲ್ ಲೋಟ ಅಪ್ಪನ ಬಾಯ ಹತ್ತಿರ ಬಂತು. ತುಟಿ ಬಿರಿದು ಬೆಳ್ಳಗಾಗಿತ್ತು. ಅಪ್ಪ ಲೋಟ ನೋಡಿದ, ದೊಡ್ಡವ್ವನನ್ನು ನೋಡಿದ, ಅವ್ವನನ್ನು ಬಹಳ ಹೊತ್ತು ನೋಡಿದ. ಆಮೇಲೆ ತಾನೇ ಬಾಯಿ ತೆರೆದ. ಬಿದ್ದುಹೋದ ಕಡೆಯ ತುಟಿಯಿಂದ ಅರ್ಧ ನೀರು ಅಂಗಿಯ ಮೇಲೆ ಸುರಿಯಿತು, ಉಳಿದರ್ಧ ಗಂಟಲಿಗಿಳಿಯಿತು.

"ಕುಡಿದ್ರು! ನೋಡಿದ್ರಿಲ್ಲ ಎಲ್ಲಾರೂ? ಕುಡಿದ್ರು!" ಎಂದು ಅವ್ವ ಕೂಗಿದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ನನ್ನ ಮದುವೆಯಲ್ಲೂ ನಾನು ಕಂಡಿರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವಳು ಗೆದ್ದಳೆಂದು ನನಗೂ ಸಂತೋಷವಾಯಿತು.

ಅಪ್ಪ ಎಡಗೈಯಿಂದ ಲೋಟ ಹಿಡಿದುಕೊಂಡ. ದೊಡ್ಡವ್ವನ ಕಡೆ ಚಾಚಿ, ಇನ್ನಷ್ಟು ಹಾಕು ಎಂಬಂತೆ ಅಲುಗಿಸಿದ. ಅವಳು ತುಂಬಿದಳು. ಅದನ್ನು ಅವನು ಕುಡಿಯಲಿಲ್ಲ. ಅವ್ವನ ಕಡೆ ನೀಡಿ, ಗದ್ದವನ್ನು ತುಸು ಮೇಲೆತ್ತಿದ. ಊಟಕ್ಕೆ ಕೂರಲು, ಸೀರೆ ಕೊಳ್ಳಲು, ಸಂತೆಗೆ ಹೋಗಲು ಅವ್ವ ಬಾಗಿಲ ಹತ್ತಿರ ಬಂದು ನಿಂತಾಗಲೆಲ್ಲ ಅಪ್ಪ ಹೂಂ ಎನ್ನುತ್ತಿದ್ದದ್ದು ಹೀಗೆಯೇ. ಅದಕ್ಕೆ ಅವನು ಬಾಯಿ ಬಿಟ್ಟದ್ದು ನನಗೆ ನೆನಪಿಲ್ಲ.

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈಯಿಂದ ಲೋಟ ತೆಗೆದುಕೊಂಡು, ಅಷ್ಟನ್ನೂ ಕುಡಿದಳು.

ಈ ನೀರಿಗೂ ಅವನ ಹೂಂ ಬೇಕಾಯಿತೆಂದು ಲೋಟ ಕೆಳಗಿಳಿಸಿದ ಮೇಲೆಯೇ ಅವಳಿಗೆ ತಿಳಿದದ್ದು. ಅಪ್ಪನ ಮುಖದ ನೆಟ್ಟಗಿದ್ದ ಅರ್ಧ ನಗುತ್ತಿತ್ತು.