ಕರೆದರಷ್ಟೇ ಒಳಗೆ ಬರುವ ಗಂಡ

ವನಜ ಚಿಕ್ಕಿಯ ಜಗಲಿಯಿಂದ ಶೈಲೇಶ ಗಂಭೀರವಾಗಿ ಎದ್ದ. ಅವನ ಹೊಸ ಬಿಳಿ ಪಂಚೆ ಮಾತ್ರ ಅಲ್ಲಿ ಹರಡಿದ್ದ ಬಲೆಗೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಸಿಕ್ಕಿದ ತುದಿ ಹಿಡಿದುಕೊಂಡು ಅವನು ದೊಪ್ಪನೆ ಕುಳಿತ.

“ಅಲ್ಲಾಡ್ಬೇಡ ಮಗಾ, ಬಿಡಿಸ್ತೆ. ನಿನ್ನ ಚಿಕ್ಕಯ್ಯಂಗೆ ಈ ವರ್ಷ ಇಷ್ಟ್ ದೊಡ್ಡ್ ಮೀನ್ ಸಿಕ್ಲಿಲ್ಲೆ,” ಎಂದರು ಚಿಕ್ಕಿ.

ಶೈಲೇಶ ಕೋಟೇಶ್ವರದಿಂದ ಕಿರಿಮಂಜೇಶ್ವರಕ್ಕೆ ಓಡಿಬಂದದ್ದು ಮಗಳ ಮದುವೆ ಮುರಿಯದಿರಲಿ ಎಂದು. ನವ್ಯಶ್ರೀಗೆ ರತನ್ ಇಷ್ಟ. ಆದರೆ ಮದುವೆಯಾದ ಮೇಲೂ ಅವಳು ತನ್ನ ಟೈಲರಿಂಗ್ ಅಂಗಡಿ ಬಿಡುವುದಿಲ್ಲ, ಅಪ್ಪನ ಮನೆಯಲ್ಲೇ ಇರುತ್ತಾಳೆ. ರತನ್ ಬೈಂದೂರಿನಿಂದ ಬಂದು ಹೋಗಬೇಕು ಎಂಬುದು ಅವಳ ಷರತ್ತು. ಹುಡುಗನೇನೋ ಒಪ್ಪಿದ್ದ. ಒಪ್ಪದವನು ಶೈಲೇಶ. ಹುಡುಗನ ಅಪ್ಪ ಚಂದಯ್ಯನಿಗೆ ಇವತ್ತೇ ಉತ್ತರ ಕೊಡಬೇಕು.

“ಮಗ್ಳಿಗೆ ನೀವೊಂದ್ ಬುದ್ಧಿ ಹೇಳ್ಕ್ ಚಿಕ್ಕಿ. ಗಂಡ ಒಂದ್ ಬದಿ, ಹೆಂಡ್ತಿ ಒಂದ್ ಬದಿ, ಅದ್ ಸಂಸಾರವಾ?”

ಚಿಕ್ಕಿ ಉತ್ತರಿಸುವ ಮೊದಲೇ ಬೇಲಿಯ ಆಚೆಯಿಂದ ಬಚ್ಚ ಚಿಕ್ಕಯ್ಯನ ದನಿ ಬಂತು: “ಹ್ವಾಯ್, ಬರ್ಲಾ?”

“ಅಕ್ಕನ ಮಗ ಬಂದಿದ್ದ, ಮಾತಿತ್. ಬೈಗೆ ದೀಪ ಹಚ್ಚು ಹೊತ್ತಿಗೆ ಬನ್ನಿ.”

“ಆಯ್ತ್.” ಚಿಕ್ಕಯ್ಯ ಬಂದ ದಾರಿಯಲ್ಲೇ ತಮ್ಮ ಮನೆಗೆ ಹೊರಟರು.

ತಮ್ಮ ಮದುವೆಯ ಮಾತುಕತೆಯಲ್ಲೇ ವನಜ, “ಅಮ್ಮನ ಮನಿ ಬಿಡುದಿಲ್ಲೆ, ಮೀನ್ ಬುಟ್ಟಿ ಇಳ್ಸುದಿಲ್ಲೆ” ಎಂದಿದ್ದರು. “ಹಂಗಾರೆ ನಾನೇ ಬಂದ್ಹೋಯ್ಕಂಡ್ ಇರ್ತೆ” ಎಂದಿದ್ದರು ಬಚ್ಚ. ಈ ಮದುವೆ ಮೊದಲ ಮಳೆಗಾಲ ದಾಟಲಿಕ್ಕಿಲ್ಲ ಎಂದವರೆಲ್ಲ ಮೂರು ಮಕ್ಕಳ ನಾಮಕರಣದ ಊಟ ಉಂಡು ಸುಮ್ಮನಾದರು.

ಹುಟ್ಟಿದಾಗಿನಿಂದ ಕಂಡದ್ದಕ್ಕೋ ಏನೋ, ಇದೂ ಒಂದು ಬಗೆಯ ಮದುವೆ ಎಂದು ಶೈಲೇಶನಿಗೆ ಹೊಳೆದೇ ಇರಲಿಲ್ಲ. ಕುಟುಂಬದಲ್ಲಿ ಎಲ್ಲರಿಗಿಂತ ಚಂದ ಬಾಳಿದವರು ಎಂದಷ್ಟೇ ನೆನಪಿಟ್ಟುಕೊಂಡು ಬುದ್ಧಿ ಹೇಳಿಸಲು ಇಲ್ಲಿಗೇ ಬಂದಿದ್ದ. ಐವತ್ತು ದಾಟಿದ ನಮ್ಮಂಥ ಗಂಡಸರ ತಲೆ ಓಡುವುದೇ ಹಾಗೆ.

“ಚಿಕ್ಕಯ್ಯಂಗೆ ಬೇಜಾರಾತಿಲ್ಯಾ?”

“ಎಂತಕೆ? ನಾನ್ ಕರ್ದ್ ದಿನ ಮೀನ್ ಸಾರ್ ಹೆಚ್ ರುಚಿ ಅಂಬ್ರ್.”

ಶೈಲೇಶ ಚಿಕ್ಕಯ್ಯ ಹೋದ ಬೇಲಿಯ ಕಡೆ ನೋಡಿದ. ಆಮೇಲೆ ಚಂದಯ್ಯನಿಗೆ ಫೋನ್ ಮಾಡಿ, “ಹೆಣ್ಣ್ ಹೇಳ್ದಂಗೇ ಆಯ್ಲಿ, ನಂಗೆ ಒಪ್ಪಿಗೆ” ಎಂದ. ಆ ಕಡೆಯಿಂದ ಒಂದು ಪ್ರಶ್ನೆ ಬಂತು. ಶೈಲೇಶ ಚಿಕ್ಕಿಯ ಕಡೆ ತಿರುಗಿದ. ಫೋನಿಗೆ ಕೈ ಅಡ್ಡ ಹಿಡಿದ.

“ಗಂಡ-ಹೆಂಡ್ತಿಗೆ ಜಗಳ ಆದ್ರೆ ಎಂತ ಮಾಡುದ್ ಅಂತ್ರ್, ಚಿಕ್ಕಿ.”

ಚಿಕ್ಕಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: “ಆಯ್ಲಿ. ಹೆಣ್ಣಿಗೆ ತೌರಿಗೆ ಹೋಪುಕೆ ಬಸ್ ಕಾಯೂದಾರೂ ತಪ್ಪುತ್ತಲ್ದಾ.”