ಆಯಿ ವಿಭೂತಿ ಹಚ್ಚಿದ ಪಿಸ್ತೂಲು

ನಾನು ಪರಕಾರ ಉಡುವ ಸಣ್ಣ ಹುಡುಗಿಯಾಗಿದ್ದ ಕಾಲ ಅದು. ಬೆಲ್ಲದ ಬಾಗೇವಾಡಿಯ ನಮ್ಮ ಓಣಿಯಲ್ಲಿ ದಸರೆಯೆಂದರೆ ಹೂರಣದ ವಾಸನೆ, ಆಯುಧಗಳ ಖಂಡೆ ಪೂಜೆ, ಆಮೇಲೆ ನಮ್ಮ ಕಾಕಾನ ಪಿಸ್ತೂಲು. ಬೇರೆ ಊರಿನವರಿಗೆ ಮೊದಲೆರಡೇ ಇದ್ದವು, ಪಾಪ.

ಕಾಕಾ ಅಪ್ಪನ ತಮ್ಮ, ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವನು. ಅಲ್ಲಿ ಅವನ ಸಾಹೇಬ ಮೆಚ್ಚಿ ಕೊಟ್ಟ ಪಿಸ್ತೂಲಿಗೆ ಹುಕ್ಕೇರಿಯಲ್ಲಿ ಪರವಾನಿಗೆ ಮಾಡಿಸಿಕೊಂಡಿದ್ದ. ದಶಮಿಯ ಸಂಜೆ ಬನ್ನಿ ಹಂಚಿಕೊಂಡ ಮೇಲೆ ಹಳ್ಳದ ದಂಡೆಗೆ ಒಡಕು ಗಡಿಗೆಗಳನ್ನಿಟ್ಟು ಹೊಡೆಯುತ್ತಿದ್ದ. ಗುಂಡು ಹಾರಿದೊಡನೆ ಪಿಸ್ತೂಲಿನ ಮೇಲ್ಭಾಗ ತಾನಾಗಿ ಹಿಂದೆ ಸರಿದು, ಖಾಲಿ ಹಿತ್ತಾಳೆ ಕೊಳವೆಯನ್ನು ಆಚೆ ಎಸೆದು, ಹೊಸ ಗುಂಡನ್ನು ನುಂಗಿಕೊಂಡು ಮುಂದೆ ಬರುತ್ತಿತ್ತು. ನಾವು ಹುಡುಗಿಯರು ಆ ಬಿಸಿ ಕೊಳವೆಗಳಿಗೆ ಮುಗಿಬೀಳುತ್ತಿದ್ದೆವು. ಕುಂಕುಮದಲ್ಲಿ ಅದ್ದಿ ಒತ್ತಿದರೆ ಹಣೆಯ ಮೇಲೆ ದುಂಡನೆಯ ಉಂಗುರ ಮೂಡುತ್ತಿತ್ತು.

ಊರೆಲ್ಲ ಶಾಬಾಸ್ ಅನ್ನುತ್ತಿತ್ತು. ಆಯಿಗೆ, ಅಂದರೆ ಕಾಕಾನ ತಾಯಿಗೆ, ಮಾತ್ರ ಅದು ಸೇರುತ್ತಿರಲಿಲ್ಲ. ಯುದ್ಧದಿಂದ ಬಂದ ಮೇಲೆ ಮಗ ನಕ್ಕದ್ದನ್ನು ಅವಳು ಕಂಡಿರಲಿಲ್ಲ. ಗುಂಡು ಹೊಡೆದ ದಿನವಂತೂ ಅವನು ಹೋಳಿಗೆ ಮುಂದಿಟ್ಟರೂ ಮಾತಾಡುತ್ತಿರಲಿಲ್ಲ.

"ಅದನ್ನ ಕೈಯಾಗ ಹಿಡದಾಗ ಅಂವ ನನ್ನ ಮಗಾ ಅನಸೂದಿಲ್ಲ" ಎಂದು ಅವ್ವನೆದುರು ಒಮ್ಮೆ ಅಂದಿದ್ದಳು. ಮಗನೆದುರು ಅನ್ನಲಿಲ್ಲ.

ಒಂದು ವರ್ಷ ನವಮಿಯ ಬೆಳಿಗ್ಗೆ ಕಾಕಾ ಎತ್ತುಗಳ ಮೈ ತೊಳೆಯಲು ಹೋಗಿದ್ದ. ಆಯಿ ಪೂಜೆಗೆಂದು ಕುಡುಗೋಲು, ಕೊಡಲಿ ತೊಳೆದಳು. ಪಿಸ್ತೂಲನ್ನೂ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಹರಳೆಣ್ಣೆ ಸವರಿದಳು, ನೀರಲ್ಲಿ ಕಲಸಿದ ವಿಭೂತಿಯನ್ನು ಧಾರಾಳವಾಗಿ ಬಳಿದಳು. ಗುಂಡುಗಳು ಬೇರೆ ಟ್ರಂಕಿನಲ್ಲಿದ್ದವು, ಪುಣ್ಯ.

ಬಂದ ಕಾಕಾನ ಮುಖ ಕಪ್ಪಿಟ್ಟಿತು. "ಅವ್ವಾ, ಇದಕ್ಕ ನೀರ ತಾಗಬಾರ್ದು."

"ನಿನ್ನ ಜೀವಾ ಕಾಯ್ದೈತೆಲ್ಲೋ. ಪೂಜಿ ಇಲ್ದ ಹ್ಯಾಂಗ ಬಿಡ್ಲಿ?"

ಪೂಜೆಗಿಟ್ಟ ಆಯುಧವನ್ನು ದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಒರೆಸಲೂ ಆಗದೆ ಕಾಕಾ ಎತ್ತುಗಳಿಗೆ ಮೇವು ಹಾಕಲು ಹೋದ.

ಮರುದಿನ ಹಳ್ಳದ ದಂಡೆಯಲ್ಲಿ ಮೊದಲ ಗಡಿಗೆ ಒಡೆಯಿತು. ಅಷ್ಟೇ. ಖಾಲಿ ಕೊಳವೆ ಹೊರಬೀಳದೆ ಪಿಸ್ತೂಲಿನ ಮೇಲ್ಭಾಗದಲ್ಲೇ ಸಿಕ್ಕಿಕೊಂಡಿತು. ಕಾಕಾ ಜಗ್ಗಿದರೆ ಅಂಗೈಗೆಲ್ಲ ವಿಭೂತಿ ಬಂತು. ಆಯಿಗೆ ಇವತ್ತು ಏನು ಕಾದಿದೆಯೋ ಎಂದು ನಾನು ಹಿಂದೆ ನಿಂತಿದ್ದ ಅವಳತ್ತ ನೋಡಿದೆ.

ಮುಂದೆ ಕೂತಿದ್ದ ಓಣಿಯ ಮುದುಕನೊಬ್ಬ ಕೇಳಿದ: "ಏನ್ ತಮ್ಮಾ, ನಿನ್ನ ಪಿಸ್ತೂಲಿಗೆ ಲಿಂಗದೀಕ್ಷಾ ಆತೇನ? ಹಿಂಸಾ ಒಲ್ಲೆ ಅನ್ನಾಕತ್ತೈತಿ."

ಕಾಕಾ ತನ್ನ ಬೆಳ್ಳನೆಯ ಅಂಗೈ ನೋಡಿಕೊಂಡ. ಮೂಗಲ್ಲಿ ಫಸಕ್ಕೆಂದು ಸದ್ದು ಬಂತು. ಆಮೇಲೆ ದಂಡೆಯ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ಕೆಟ್ಟೈತಿ, ಇನ್ನ ಹೊಡ್ಯಾಕ ಬರೂದಿಲ್ಲ" ಎಂದು ಕಾಕಾ ಎಲ್ಲರಿಗೂ ಹೇಳಿಬಿಟ್ಟ. ಅಲ್ಲಿಂದ ಮುಂದೆ ಪ್ರತಿ ನವಮಿಗೂ ಆಯಿ ಅದಕ್ಕೆ ವಿಭೂತಿ ಮೆತ್ತುತ್ತಲೇ ಬಂದಳು.

ಅವಳು ತೀರಿಕೊಂಡ ವರ್ಷ ಹಬ್ಬಕ್ಕೆ ನಾನು ಗಂಡನ ಊರು ಕೊಣ್ಣೂರಿನಿಂದ ತವರಿಗೆ ಬಂದಿದ್ದೆ. ಕಾಕಾ ಪಡಸಾಲೆಯಲ್ಲಿ ಗೋಣಿ ಹಾಸಿ, ಪಿಸ್ತೂಲು ಬಿಚ್ಚಿ, ಸೀಮೆಎಣ್ಣೆಯಿಂದ ಒರೆಸುತ್ತಿದ್ದ. ಅವ್ವನ ರೊಟ್ಟಿ ಮುಗಿಯುವಷ್ಟರಲ್ಲಿ ಅದರ ಮೇಲ್ಭಾಗ ಸರಾಗವಾಗಿ ಹಿಂದೆ ಮುಂದೆ ಸರಿಯತೊಡಗಿತು.

"ಇಷ್ಟ ಕೆಲಸ ಇತ್ತೇನ್ ಕಾಕಾ? ಮತ್ತ ಇಷ್ಟ ವರ್ಷ ಯಾಕ ಮಾಡಲಿಲ್ಲ?"

"ಆಕಿ ಬ್ಯಾಡಂತ ಬಾಯಿಬಿಟ್ಟ ಹೇಳಲಿಲ್ಲಲ್ಲವಾ, ವಿಭೂತಿ ಹಚ್ಚಿ ಹೇಳಿದ್ಲು. ಅದಕ್ಕ."

ಮರುವಾರ ಹುಕ್ಕೇರಿಗೆ ಹೋಗಿ ಅದನ್ನು ಪರವಾನಿಗೆ ಕೊಟ್ಟ ಕಚೇರಿಗೇ ಒಪ್ಪಿಸಿ ಬಂದ.

ಒಂದು ಹಿತ್ತಾಳೆ ಕೊಳವೆ ಇನ್ನೂ ನನ್ನ ಕುಂಕುಮದ ಭರಣಿಯಲ್ಲಿದೆ. ಈಗ ನಮ್ಮ ಮನೆಯಲ್ಲಿ ಎಲ್ಲವನ್ನೂ ಗಟ್ಟಿಯಾಗಿ ಕೂಗಿಯೇ ಹೇಳುತ್ತಾರೆ. ಆದರೂ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.