ಅಣ್ಣನಿಗೆ ನಾನು ಎಸೆದ ಚೆಂಡು

ಅಣ್ಣನ ಬಲಗೈ ಕಿರುಬೆರಳು ಮೇಲಿನ ಗೆಣ್ಣಿನ ಹತ್ತಿರ ಹೊರಕ್ಕೆ ಸೊಟ್ಟಗಿತ್ತು. ಸ್ಯಾನ್ ಡಿಯಾಗೋ ಸ್ಟೇಡಿಯಮ್ಮಿನಲ್ಲಿ ಪ್ರೇಕ್ಷಕರ ಕಡೆಗೆ ಹಾರಿಬಂದ ಬೇಸ್‌ಬಾಲ್ ಚೆಂಡನ್ನು ಬರಿಗೈಯಲ್ಲಿ ಹಿಡಿಯಲು ಹೋಗಿ ಆದದ್ದು. ಚೆಂಡೂ ಸಿಗಲಿಲ್ಲ. ಆದರೂ ಹೊಸಬರಿಗೆಲ್ಲ ಆ ಬೆರಳನ್ನು ಪದಕದ ಹಾಗೆ ತೋರಿಸುತ್ತಿದ್ದ.

ಅವನು ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಇಂಜಿನಿಯರ್ ಆಗಿದ್ದು ರಿಟೈರ್ ಆಗಿ ಅಲ್ಲೇ ಇದ್ದವನು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವನೇ ನನ್ನನ್ನು ಊರಿನಿಂದ ಕರೆಸಿಕೊಂಡು, ಲಾಸ್ ಏಂಜಲೀಸ್ ಪಕ್ಕದ ಆರ್ಟೀಸಿಯಾದ ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸಕ್ಕೆ ಸೇರಿಸಿದ.

ಸೋಲು ಗೆಲುವಿಗಿಂತ, ದೊಡ್ಡ ಆಟಗಾರರ ಕೊನೆಯ ಆಟ ನೋಡುವುದೇ ಅವನಿಗೆ ಆಸೆ. ಯಾರಾದರೂ ನಿವೃತ್ತಿ ಅಂದರೆ ಸಾಕು, ಟಿಕೆಟ್ ತೆಗೆದು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ.

"ಕೊನೇ ಚೆಂಡನ್ನ ಹೊಡೆದು ಹೋಗೋರು ಅಪರೂಪ ಕಣೋ. ಮೊಣಕಾಲು ಕೈಕೊಡತ್ತೆ, ಇಲ್ಲಾ ಕಣ್ಣು ಒಂಚೂರು ತಡ ಮಾಡತ್ತೆ. ಔಟಾಗಿ, ಟೋಪಿ ತೆಗೆದು, ನಗ್ತಾ ಒಳಗೆ ಹೋಗ್ತಾರಲ್ಲ, ಅದೇ ದೊಡ್ಡತನ."

ಕೊರೊನಾ ವರ್ಷ ಟಿವಿಯಲ್ಲಿ ಒಬ್ಬ ಹಳೆಯ ಆಟಗಾರ ಖಾಲಿ ಕುರ್ಚಿಗಳ ಕಡೆಗೇ ಟೋಪಿ ಎತ್ತಿದ. "ಅಲ್ಲಿ ಯಾರೂ ಇಲ್ವಲ್ಲೋ, ನಾವಾದ್ರೂ ಏಳೋಣ" ಅಂತ ಅಣ್ಣ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅತ್ತಿಗೆ ಅಡುಗೆಮನೆಯಿಂದಲೇ, "ನಮ್ಮಪ್ಪ ಬಂದಾಗಲೂ ಇವರು ಹೀಗೆ ಎದ್ದು ನಿಂತಿರಲಿಲ್ಲ" ಅಂದರು.

ಸ್ಯಾನ್ ಡಿಯಾಗೋದ ಕನ್ನಡದವರು ಶನಿವಾರ ಬೆಳಿಗ್ಗೆ ಪಾರ್ಕಿನಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ಅರವತ್ತು ದಾಟಿದವರು ತಮಗೆ ಚೆಂಡು ಎಸೆಯುವವರನ್ನು ತಾವೇ ಆರಿಸಿಕೊಳ್ಳಬಹುದು ಅನ್ನುವುದು ಅಲ್ಲಿನ ಕಟ್ಟಳೆ. ಅಣ್ಣ ನನ್ನನ್ನು ಆರಿಸಿದ. ಅದಕ್ಕೇ ಶನಿವಾರ ನಾನು ಆರ್ಟೀಸಿಯಾದಿಂದ ಅಲ್ಲಿಗೆ ಹೋಗುತ್ತಿದ್ದೆ.

"ಬೇರೆಯವರು ಮುಲಾಜು ನೋಡ್ತಾರೆ. ನಿನಗೆ ನಾಟಕ ಬರಲ್ಲ. ನಿನ್ನ ಚೆಂಡು ಹೊಡೆಯಕ್ಕೆ ಆಗದ ದಿನ ನಾನು ಬ್ಯಾಟ್ ಕೆಳಗಿಡ್ತೀನಿ."

ಎಪ್ಪತ್ತು ದಾಟಿದ ಮೇಲೆ ಅವನ ಬ್ಯಾಟು ತಡವಾಗಿ ಬರತೊಡಗಿತು. ನನಗೆ ಕಂಡಿತು. ಹೇಳಲಿಲ್ಲ. ಬ್ಯಾಟು ಬರುವ ಜಾಗಕ್ಕೇ, ದೋಸೆಕಲ್ಲಿನ ಮೇಲೆ ಹಿಟ್ಟು ಬಿಟ್ಟ ಹಾಗೆ, ಚೆಂಡನ್ನು ಮೆಲ್ಲಗೆ ಇಳಿಸಿದೆ. ಎರಡು ವರ್ಷ ಹೀಗೇ ನಡೆಯಿತು.

"ಇನ್ನೂ ಐದು ವರ್ಷ ಆಡ್ತೀನಿ ಕಣೇ" ಅಂತ ಅವನು ಅತ್ತಿಗೆಗೆ ಹೇಳುತ್ತಿದ್ದ.

"ಆಡಿ ಆಡಿ. ಸಿಂಕ್ ಸೋರೋದು ನೋಡಿ ಅಂದ್ರೆ ಮಾತ್ರ ನಿಮಗೆ ಬೆನ್ನುನೋವು."

ಒಂದು ಶನಿವಾರ ಹೋಟೆಲಿನಲ್ಲಿ ಇನ್ನೊಬ್ಬ ಅಡುಗೆಯವನು ಬರಲಿಲ್ಲ, ನನಗೆ ಹೋಗಲಾಗಲಿಲ್ಲ. ಅಲ್ಲೇ ಹತ್ತಿರದ ಲಾ ಹೋಯಾದಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ಅಣ್ಣನಿಗೆ ಚೆಂಡು ಎಸೆದಳಂತೆ. ಮೂರು ಸಲ ಬೀಸಿದ, ಮೂರೂ ತಾಗಲಿಲ್ಲ, ಔಟಾದ. ಅತ್ತಿಗೆ ಫೋನಿನಲ್ಲಿ ಹೇಳಿದಾಗ ನಾನು ಕಲ್ಲಿನಿಂದ ಎತ್ತುತ್ತಿದ್ದ ದೋಸೆ ಹರಿದುಹೋಯಿತು.

ಮಧ್ಯಾಹ್ನ ಅವನೇ ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋಟೆಲಿಗೆ ಬಂದ. ಮುಖ ಅರಳಿತ್ತು.

"ಆ ಹುಡುಗಿ ಎಂಥಾ ಜೋರು ಅಂತೀಯ! ಟೋಪಿ ತೆಗೆದೆ. ಎಲ್ಲರೂ ಎದ್ದು ನಿಂತ್ರು. ನನಗೂ ಒಂದು ಕೊನೇ ಆಟ ಆಯ್ತು ನೋಡು." ಎರಡು ದೋಸೆ ತಿಂದ. ಆಮೇಲೆ ತಟ್ಟೆ ನೋಡುತ್ತಲೇ ಕೇಳಿದ, "ನೀನು ಮೆಲ್ಲಗೆ ಎಸೀತಿದ್ದೆಯೇನೋ?"

"ಇಲ್ಲಣ್ಣ."

ತಟ್ಟೆಯನ್ನು ನನ್ನ ಕಡೆಗೆ ತಳ್ಳಿದ. "ಸರಿ, ಇನ್ನೊಂದು ಹಾಕು" ಅಂದ.

ಹೋದ ವರ್ಷ ಅಣ್ಣ ತೀರಿಕೊಂಡ. ಅವನು ನೆಟ್ಟಗೆ ಕೇಳಿದ್ದು ಅದೊಂದೇ, ನಾನು ಅದಕ್ಕೂ ಸುಳ್ಳು ಹೇಳಿದೆ. ಈಗ ಬರೆಯುತ್ತಿದ್ದೇನೆ: ಹೌದಣ್ಣ, ಮೆಲ್ಲಗೇ ಎಸೆಯುತ್ತಿದ್ದೆ. ಹೊಡೆದ ಮೇಲೆ ನೀನು ಕೈಬೀಸಿಕೊಂಡು ಓಡುವುದನ್ನು ಇನ್ನೊಂದು ಸಲ ನೋಡಬೇಕು ಅನ್ನಿಸುತ್ತಿತ್ತು.